ನೀಲಿ ಚುಕ್ಕಿ

ದುರ್ಗದಬೈಲಿನ ಹಿಂದ, ಪಾತ್ರೆ ಅಂಗಡಿ ಮ್ಯಾಲ,
ಮೂರನೇ ಮಾಳಿಗಿ. ಮೆಟ್ಟಲಕ್ಕ ದೀಪಿಲ್ಲ.
ಎರಡು ಟೇಬಲ್ಲು. ಒಂದರ ಬಟ್ಟಿ ಹರದೈತಿ,
ಇನ್ನೊಂದು ನಮ್ದು.
ತಾಸಿಗೆ ನೂರಿಪ್ಪತ್ತು, ಸೋತಾಂವ ಕೊಡಬೇಕು,
ಅಂದ್ರ ಬಹಳ ಸರ್ತಿ ನಾನ.

ಸೈಡ್ ಸ್ಪಿನ್ನಿಗೆ ನಮ್ಮ ಹುಡುಗ್ರು ಗಿರ್ಮಿಟ್ ಅಂತಾರ.
ಬಡಿಗ್ಯಾರ ಕೈಯಾಗಿಂದೋ
ಸಂಜೀಕ ಪೇಪರಿನ್ಯಾಗ ಕಟಿಗೊಂಡು ತಿನ್ನೂದೋ
ಯಾರೂ ಕೇಳಿಲ್ಲ.
ತಿರಗತೈತಿ, ಖಾರ ಐತಿ, ಸಾಕು.
"ಹಾಕಲೇ ಗಿರ್ಮಿಟ್!" ಅಂದ್ರ
ಬಿಳಿ ಚೆಂಡಿನ ಎಡಗಲ್ಲಕ್ಕ ಕೋಲು ಕೊಡತಿದ್ದೆ.
ಅದು ಕುಶನ್ನಿಗೆ ಬಡದು, ಹಾದಿ ಬಿಟ್ಟು,
ಮದುವಿ ಮನ್ಯಾಗ ಪರಿಚಯ ಇಲ್ಲದವರನ್ನೂ
ಮಾತಾಡಿಸಿಕೋತ ಹೋಗೋ ಕಾಕಾನಂಗ
ಹೊಂಟ ಬಿಡತಿತ್ತು.
ಚೆಂಡು ತೂತಿಗೆ ಬೀಳದಿದ್ರೂ ಚಪ್ಪಾಳಿ ಬೀಳತಿದ್ವು.

ಹಜರತಸಾಬ ನದಾಫ ಮಾತ್ರ ಕೈ ಎತ್ತತಿದ್ದಿಲ್ಲ.
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ನಾಕು ವರ್ಷ ಟರ್ನರ್.
ಲೇಥಿನ ಮ್ಯಾಲ ಅಚ್ಚು ಏರಿಸಿದ್ರ
ಕೂದಲೆಳಿ ಓರೆನ್ನ ಕಿವೀಲೆ ಹಿಡಿಯಾಂವ.

ಒಂದಿನ ಎಂಟನೇ ಚೆಂಡು ತಪ್ಪಿಸಿ
ಟೇಬಲ್ಲಿನ ಬಟ್ಟಿಗೆ ಬೈಕೋತ ನಿಂತಿದ್ದೆ.
"ಬಟ್ಟಿ ಬಿಡು ತಮ್ಮಾ," ಅಂದ.
ಎಲ್ಲಾ ಚೆಂಡು ಗುಡಿಸಿ ಒಂದು ಮೂಲಿಗೆ ಹಾಕಿ
ಬಿಳೇದೊಂದ ಇಟ್ಟ.
"ಆ ದಂಡೀ ತನಕ ಕಳಸು.
ಹೊಳ್ಳಿ ನಿನ್ನ ಕೋಲಿನ ತುದಿಗೇ ಬರಬೇಕು. ಇಷ್ಟ."

ಕಳಿಸಿದೆ. ಎಡಕ್ಕ ನಾಕು ಬಟ್ಟು.
ಕಳಿಸಿದೆ. ಎಡಕ್ಕ ಮೂರು.
ಟೇಬಲ್ಲು ವಾಟ ಐತಿ ಅಂದೆ.
ಆತ ಹೊಡದ. ಹೋತು, ಬಂತು,
ತುದಿಗೆ ಟಿಕ್ ಅಂದು ನಿಂತು.

ಆಮ್ಯಾಲ ಒಂಬತ್ತನೇ ಚೆಂಡು ತಗೊಂಡು
ಅಂಕಿ ನನ್ನ ಕಡೆ ಮಾಡಿಟ್ಟ. "ಅಂಕೀಗೇ ಹೊಡಿ."
ಹೊಡದೆ. ಹಿಡದು ತಂದು
ಬಲ್ಬಿನ ಕೆಳಗ ತೋರಿಸಿದ:
ಒಂಬತ್ತರ ಮಗ್ಗಲಕ್ಕ, ಜ್ವಾಳದ ಕಾಳಿನಷ್ಟು ಎಡಕ್ಕ,
ಚಾಕಿನ ನೀಲಿ ಚುಕ್ಕಿ.

ನಾನು ಕನ್ನಡಕದಾಂವ.
ಗಾಜಿನ ನಡುವು ಹುಡುಕಿ ಅದರ ಮ್ಯಾಲ ಚುಕ್ಕಿ ಇಡೂದು ನನ್ನ ಕಸುಬು.
ಅರ್ಧ ಕೇಶ್ವಾಪುರ ನನ್ನ ಚುಕ್ಕೀ ಒಳಗಿಂದ ಪೇಪರ್ ಓದತೈತಿ.
ಹನ್ನೊಂದು ವರ್ಷ ಬೇಕಂತ ಹಾಕಿದ ಗಿರ್ಮಿಟ್ಟಿಗಿಂತ
ನೆಟ್ಟಗ ಹೊಡದೆ ಅಂದಾಗ ಹತ್ತಿದ್ದ ಹೆಚ್ಚು.

"ಸೈಡು ಹೊಡೀಲೇಬಾರದೇನು ಚಾಚಾ?"
"ಹೊಡಿ. ನೆಟ್ಟನ ಹಾದಿ ಮುಚ್ಚಿದಾಗ ಹೊಡಿ.
ಆದ್ರ ಸೈಡು ಕೊಟ್ರ ಬಿಳೇದು ಹಾದಿ ಸರೀತೈತಿ,
ಗುರೀನ ಮೊದಲ ತಪ್ಪಿಸಿ ಇಡಬೇಕು.
ಎಷ್ಟು ತಪ್ಪಿಸಬೇಕು ಅನ್ನಾಕ
ನಡುವು ಎಲ್ಲೈತಿ ಗೊತ್ತಿರಬೇಕಲ್ಲ?"

ಹೇಳಿ ಕನ್ನಡಕ ತಗದ, ಅಂಗಿ ತುದೀಲೆ ಒರಸಿದ.
ನಾನ ಮಾಡಿಕೊಟ್ಟದ್ದು.
"ಇದರಾಗೂ ಐತಿ," ಅಂದ, ಬೈದಂಗಲ್ಲ,
ಚಾದಾಗ ಸಕ್ರಿ ಕಡಿಮಿ ಆಗೇತಿ ಅನ್ನೂವಂಗ.
"ಬಲಗಡೆ ಗಾಜು. ಕೂದಲಷ್ಟು.
ಎರಡು ವರ್ಷಾತು, ಅದನ್ನ ಲೆಕ್ಕ ಹಿಡದ ಹೊಡೀತೀನಿ."

ಕೊಡ್ರಿ, ನಾಳೆ ಬದಲ ಮಾಡತೀನಿ, ರೊಕ್ಕ ಬ್ಯಾಡ ಅಂದೆ.
"ಈಗ್ಯಾಕ? ಕೈ ಕಲತೈತಿ."
ಕೋಲು ಗ್ವಾಡಿಗೆ ಆನಿಸಿಟ್ಟು
ಕತ್ತಲ ಮೆಟ್ಟಲ ಒಂದೊಂದ ಎಣಿಸಿಕೋತ ಇಳದು ಹೋದ.

ಆ ರಾತ್ರಿ ಸೋಲಾಕ ಯಾರೂ ಇರಲಿಲ್ಲ.
ನನ್ನ ತಾಸಿನ ರೊಕ್ಕ ನಾನ ಇಟ್ಟು
ಬಿಳೇದನ್ನ ಕಳಿಸಿದೆ, ಕರದೆ, ಕಳಿಸಿದೆ.
ಎರಡು ಬಟ್ಟು. ಎರಡು. ಒಂದೂವರಿ.
ಮತ್ತ ನಾಕು.

ಮುಂಜಾನೆ ಅಂಗಡ್ಯಾಗ
ಕನ್ನಡಶಾಲಿ ಮೇಷ್ಟ್ರು ದುಂಡಸಿ ಅವರ ಗಾಜು.
ಪೆನ್ನು ಹಿಡದೆ. ಮಷೀನಿನ್ಯಾಗ ನೋಡಿದೆ.
ಚುಕ್ಕಿ ಇಟ್ಟೆ.
ಒರಸಿದೆ.
ಹೊರಗ ಬಸ್ಸು ಹಾರನ್ ಹೊಡೀತು.
ಮತ್ತ ನೋಡಿದೆ.